ಸ್ಥಳೀಯ ಆಡಳಿತದ ಸಾಮಾಜಿಕ ಆರೈಕೆಯ ಅಂಕಿಅಂಶಗಳು (ಇಂಗ್ಲೆಂಡ್)

ವೃದ್ಧರು, ಅಂಗವಿಕಲರು, ದೀರ್ಘಕಾಲದ ಮಾನಸಿಕ ಅಸ್ವಾಸ್ಥ್ಯವುಳ್ಳವರು, ಹೆತ್ತವರ ಆಸರೆ ತಪ್ಪಿದ ಮಕ್ಕಳು ಮೊದಲಾದವರಿಗೆ ಸ್ನಾನ, ಊಟ, ಉಡುಪು, ವಸತಿ, ರಕ್ಷಣೆಯಂಥ ನಿತ್ಯದ ಅಗತ್ಯಗಳಲ್ಲಿ ದೊರೆಯುವ ನೆರವಿಗೆ ಇಂಗ್ಲೆಂಡಿನಲ್ಲಿ ಸಾಮಾಜಿಕ ಆರೈಕೆ ಎಂದು ಹೆಸರು. ಆಸ್ಪತ್ರೆಯ ಚಿಕಿತ್ಸೆಯನ್ನು 1948ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ಉಚಿತವಾಗಿ ಕೊಡುತ್ತ ಬಂದಿದ್ದರೂ ಈ ಆರೈಕೆ ಮಾತ್ರ ಕೌನ್ಸಿಲುಗಳ, ಅಂದರೆ ಕೌಂಟಿ ಮತ್ತು ನಗರಗಳ ಚುನಾಯಿತ ಆಡಳಿತ ಮಂಡಳಿಗಳ ಹೊಣೆಯಾಗಿ ಉಳಿದಿದೆ. ವಯಸ್ಕರ ವಿಷಯದಲ್ಲಿ ಅದು ವರಮಾನ ಮತ್ತು ಆಸ್ತಿಯನ್ನು ಪರಿಶೀಲಿಸಿದ ಬಳಿಕವೇ ಸಿಗುವ ನೆರವು. ಈ ಹೊಣೆ ಹೊತ್ತ ಕೌನ್ಸಿಲುಗಳ ಸಂಖ್ಯೆ 2023ರಿಂದ 153. ಎಷ್ಟು ಖರ್ಚಾಯಿತು, ಎಷ್ಟು ಮಂದಿ ಕೆಲಸ ಮಾಡಿದರು, ಕೆಲಸ ಎಷ್ಟು ಚೆನ್ನಾಗಿ ನಡೆಯಿತು ಎಂಬ ಮೂರು ಪ್ರಶ್ನೆಗಳಿಗೆ ಅವು ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ ಉತ್ತರಗಳೇ ಈ ಅಂಕಿಅಂಶಗಳ ಮೂಲ. ಅವುಗಳ ಇತಿಹಾಸದುದ್ದಕ್ಕೂ ಎಣಿಕೆಗೆ ಸಿಕ್ಕಿದ್ದು ಬಹುಮಟ್ಟಿಗೆ ಆಡಳಿತದ ಖರ್ಚಿನ ಪುಸ್ತಕಕ್ಕೆ ಬಂದದ್ದು ಮಾತ್ರ; ನೆರವು ಕೇಳಿಯೂ ಸಿಗದವರು, ಸ್ವಂತ ಹಣ ತೆತ್ತವರು, ಮನೆಯವರ ಆರೈಕೆಯಲ್ಲೇ ಇದ್ದವರು ಬಹುಕಾಲ ಲೆಕ್ಕದ ಹೊರಗೆ ಉಳಿದರು.

ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾನೂನು, ಪ್ರತಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ತನ್ನ ನಿರ್ಗತಿಕರನ್ನು ತಾನೇ ಸಲಹಬೇಕೆಂದು ವಿಧಿಸಿ, ಅದಕ್ಕಾಗಿ ಆಸ್ತಿಯ ಮೇಲೆ ಕರ ಎತ್ತುವ ಅಧಿಕಾರವನ್ನು ಮೇಲ್ವಿಚಾರಕರಿಗೆ ಕೊಟ್ಟಿತು. ಮೇಲ್ವಿಚಾರಕರು ವರ್ಷಾಂತ್ಯದಲ್ಲಿ ಜಮಾಖರ್ಚನ್ನು ಒಪ್ಪಿಸಬೇಕಿತ್ತಾದರೂ ಆ ಲೆಕ್ಕಗಳನ್ನೆಲ್ಲ ಕೂಡಿಸಿ ದೇಶದ ಮೊತ್ತ ಎಷ್ಟೆಂದು ತಿಳಿಯುವ ಕೆಲಸಕ್ಕೆ ಪಾರ್ಲಿಮೆಂಟು ಗಂಭೀರವಾಗಿ ಕೈಹಾಕಿದ್ದು 18ನೆಯ ಶತಮಾನದಲ್ಲಿ. ಸಂಸದ ಥಾಮಸ್ ಗಿಲ್ಬರ್ಟ್ ಒತ್ತಾಯದಿಂದ ಸಂಗ್ರಹವಾದ 1776ರ ವರದಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಡವರಿಗಾಗಿ ಆದ ವೆಚ್ಚ ಸುಮಾರು 15 ಲಕ್ಷ ಪೌಂಡ್. 1803ರ ವರದಿಯ ಹೊತ್ತಿಗೆ ಅದು 40 ಲಕ್ಷ ಪೌಂಡನ್ನು ದಾಟಿ, ನೆರವು ಪಡೆದವರು ಸುಮಾರು 10.4 ಲಕ್ಷ, ಅಂದರೆ ಜನಸಂಖ್ಯೆಯ ಒಂಬತ್ತರಲ್ಲೊಂದು ಪಾಲು ಎಂದು ತಿಳಿದುಬಂತು. ಈ ಅಂಕಿಗಳು ಕರುಣೆಯನ್ನಲ್ಲ, ಕರದಾರರ ಕಳವಳವನ್ನು ಹೆಚ್ಚಿಸಿದವು. 1834ರ ಹೊಸ ಕಾನೂನು ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಸೇರಿಸಿ, ಗಟ್ಟಿಮುಟ್ಟಾದವರಿಗೆ ವರ್ಕ್‌ಹೌಸ್ ಎಂಬ ಕಠಿಣ ಆಶ್ರಯಗೃಹದ ಹೊರಗೆ ನೆರವು ಸಿಗದಂತೆ ಮಾಡಹೊರಟಾಗ, ಅದರ ಯಶಸ್ಸನ್ನು ಅಳೆದದ್ದೂ ಖರ್ಚಿನಿಂದಲೇ: 1830ರ ದಶಕದ ಆರಂಭದಲ್ಲಿ ಸುಮಾರು 70 ಲಕ್ಷ ಪೌಂಡ್ ಇದ್ದ ವಾರ್ಷಿಕ ವೆಚ್ಚ ಕೆಲವೇ ವರ್ಷಗಳಲ್ಲಿ 40 ಲಕ್ಷದ ಆಸುಪಾಸಿಗೆ ಇಳಿಯಿತು. ಆ ಇಳಿಕೆಯ ಹಿಂದೆ ಯಾರು ಹಸಿದರು ಎಂಬುದಕ್ಕೆ ತಖ್ತೆಯಲ್ಲಿ ಅಂಕಣವೇ ಇರಲಿಲ್ಲ.

ವಿಕ್ಟೋರಿಯಾ ಕಾಲದ ಎಣಿಕೆ ನಡೆಯುತ್ತಿದ್ದದ್ದು ಜನವರಿ 1 ಮತ್ತು ಜುಲೈ 1 ಎಂಬ ಎರಡು ದಿನಗಳಂದು. ಆ ದಿನ ನೆರವು ಪಡೆಯುತ್ತಿದ್ದವರು ಮಾತ್ರ ಲೆಕ್ಕಕ್ಕೆ ಬರುತ್ತಿದ್ದುದರಿಂದ ವರ್ಷದ ನಡುವೆ ಬಂದು ಹೋದವರು ಕಾಣೆಯಾಗುತ್ತಿದ್ದರು. ಈ ಲೋಪ ಎಷ್ಟು ದೊಡ್ಡದೆಂಬುದು 1892ರಲ್ಲಿ ಸ್ಪಷ್ಟವಾಯಿತು. ಸಚಿವ ಚಾರ್ಲ್ಸ್ ರಿಚಿಯ ಕಾಲದ ವಿಶೇಷ ವರದಿಯಂತೆ, 65 ವರ್ಷ ದಾಟಿದವರಲ್ಲಿ ಆ ಜನವರಿಯ ಒಂದು ದಿನ ನೆರವು ಪಡೆಯುತ್ತಿದ್ದವರು ಸುಮಾರು 2.68 ಲಕ್ಷ, ಆದರೆ ಹನ್ನೆರಡು ತಿಂಗಳ ಅವಧಿಯಲ್ಲಿ ಒಮ್ಮೆಯಾದರೂ ನೆರವು ಪಡೆದವರು ಸುಮಾರು 4 ಲಕ್ಷ. ಆ ವಯಸ್ಸಿನ ಐವರಲ್ಲಿ ಒಬ್ಬರೆಂಬ ಚಿತ್ರ ಹತ್ತರಲ್ಲಿ ಮೂವರಾಗಿ ಬದಲಾಯಿತು. ಲಂಡನ್ನಿನ ಬಡತನವನ್ನು ಬೀದಿಬೀದಿಯಾಗಿ ನಕ್ಷೆಗಿಳಿಸಿದ್ದ ಚಾರ್ಲ್ಸ್ ಬೂತ್ ಈ ಅಂಕಿಗಳನ್ನು ಆಧರಿಸಿ ಮುಪ್ಪಿನ ಬಡತನ ಸೋಮಾರಿತನದ ಫಲವಲ್ಲವೆಂದು ವಾದಿಸಿದ್ದು 1908ರ ವೃದ್ಧಾಪ್ಯ ಪಿಂಚಣಿ ಕಾನೂನಿಗೆ ಹಾದಿ ಮಾಡಿಕೊಟ್ಟ ಕಾರಣಗಳಲ್ಲಿ ಒಂದು. ಎಣಿಸುವ ಅವಧಿಯನ್ನು ಬದಲಿಸಿದ ಮಾತ್ರಕ್ಕೆ ಒಂದು ದೇಶದ ನೀತಿಯ ಚರ್ಚೆ ಇಷ್ಟು ಅಲುಗಿದ ನಿದರ್ಶನಗಳು ವಿರಳ.

ಇದೇ ಕಡತಗಳಿಂದ ಸಂಖ್ಯಾಶಾಸ್ತ್ರಕ್ಕೂ ಒಂದು ದೊಡ್ಡ ಲಾಭವಾಯಿತು. ವರ್ಕ್‌ಹೌಸಿನ ಹೊರಗೆ, ಮನೆಯಲ್ಲೇ ಕೊಡುವ ನೆರವಿನ ಪ್ರಮಾಣಕ್ಕೂ ಬಡತನದ ಪ್ರಮಾಣಕ್ಕೂ ನಂಟಿಲ್ಲವೆಂಬ ಬೂತ್ ಮಾತನ್ನು ಪರೀಕ್ಷಿಸಲು ಹೊರಟ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್, 1899ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಕ್ಕೂಟಗಳ 1871, 1881 ಮತ್ತು 1891ರ ಅಂಕಿಗಳನ್ನು ಹೋಲಿಸಿ, ವೃದ್ಧರ ಪ್ರಮಾಣ ಹಾಗೂ ಜನಸಂಖ್ಯೆಯ ಏರಿಳಿತದ ಪರಿಣಾಮಗಳನ್ನು ಪ್ರತ್ಯೇಕಿಸಿದರು. ಒಂದು ಫಲಿತಾಂಶದ ಮೇಲೆ ಹಲವು ಕಾರಣಗಳ ಪ್ರಭಾವವನ್ನು ಏಕಕಾಲದಲ್ಲಿ ಬಿಡಿಸಿ ನೋಡುವ ಬಹುಚರ ಹಿಂಚಲನ ವಿಶ್ಲೇಷಣೆಯನ್ನು ಸಾಮಾಜಿಕ ಪ್ರಶ್ನೆಯೊಂದಕ್ಕೆ ಬಳಸಿದ ಮೊದಲ ಉದಾಹರಣೆಯೆಂದು ಇದನ್ನು ಪರಿಗಣಿಸುತ್ತಾರೆ. ಮನೆ ನೆರವಿನ ಏರಿಳಿತಕ್ಕೂ ಬಡತನದ ಏರಿಳಿತಕ್ಕೂ ಬಲವಾದ ನಂಟಿದೆಯೆಂದು ತೋರಿಸಿದ ಯೂಲ್, ತಾವು ಕಾರಣವೆಂದು ಹೇಳಿದ ಕಡೆಗಳಲ್ಲಿ ಜೊತೆಸಂಬಂಧವೆಂದೇ ಓದಿಕೊಳ್ಳಬೇಕೆಂದು ಅಡಿಟಿಪ್ಪಣಿಯಲ್ಲಿ ಎಚ್ಚರಿಸಿದರು. ನೂರು ವರ್ಷದ ನಂತರ ಕೌನ್ಸಿಲುಗಳಿಗೆ ದರ್ಜೆ ನಿಗದಿ ಮಾಡಿದವರು ಆ ಅಡಿಟಿಪ್ಪಣಿಯನ್ನು ನೆನೆಯಬೇಕಿತ್ತು.

1948ರ ರಾಷ್ಟ್ರೀಯ ನೆರವು ಕಾನೂನು ಬಡವರ ಕಾನೂನನ್ನು ಕೊನೆಗಾಣಿಸಿ ವೃದ್ಧರ ವಸತಿಯನ್ನು ಕೌನ್ಸಿಲುಗಳಿಗೆ ವಹಿಸಿತು; ಅದೇ ವರ್ಷದ ಮಕ್ಕಳ ಕಾನೂನಿನಿಂದ ಮಕ್ಕಳ ಇಲಾಖೆಗಳು ಹುಟ್ಟಿದವು. ಆದರೆ ಅಂಕಿಗಳ ಸ್ವಭಾವ ಬೇಗ ಬದಲಾಗಲಿಲ್ಲ: ಎಷ್ಟು ಹಾಸಿಗೆ, ಎಷ್ಟು ನಿವಾಸಿ, ಎಷ್ಟು ಖರ್ಚು ಎಂಬಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧಾಶ್ರಯಗಳಿಗೆ ಭೇಟಿಯಿತ್ತು 1962ರಲ್ಲಿ ಹೊರತಂದ ಅಧ್ಯಯನ, ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಬಹಳ ಮಂದಿ ಇನ್ನೂ ದಿನ ಕಳೆಯುತ್ತಿದ್ದಾರೆಂಬುದನ್ನು ತೋರಿಸಿ, ಹಾಸಿಗೆಯ ಎಣಿಕೆ ಆರೈಕೆಯ ಗುಣವನ್ನು ಹೇಳದೆಂಬುದನ್ನು ಮನದಟ್ಟು ಮಾಡಿತು. ಮರುವರ್ಷ ಸರ್ಕಾರ ಕೌನ್ಸಿಲುಗಳ ಹತ್ತು ವರ್ಷದ ಯೋಜನೆಗಳನ್ನು ಒಟ್ಟಿಗೆ ಪ್ರಕಟಿಸಿದಾಗ, ಮನೆಗೆಲಸದ ಸಹಾಯಕಿಯರಿಂದ ಹಿಡಿದು ಸಮಾಜ ಕಾರ್ಯಕರ್ತರವರೆಗೆ ಸಿಬ್ಬಂದಿ ಊರಿಂದೂರಿಗೆ ಎಷ್ಟು ಭಿನ್ನವೆಂಬುದು ಬಯಲಾಯಿತು. ಈ ಸೇವೆಗಳನ್ನು ಪರಿಶೀಲಿಸಿದ ಸೀಬೊಮ್ ಸಮಿತಿಯ 1968ರ ವರದಿಯನ್ನು ಅನುಸರಿಸಿ ಬಂದ 1970ರ ಕಾನೂನಿನಿಂದ ಚದುರಿದ್ದ ಕೆಲಸಗಳೆಲ್ಲ ಸಮಾಜ ಸೇವಾ ಇಲಾಖೆಗಳಲ್ಲಿ ಒಂದಾದವು. ಆಮೇಲೆ ಒಂದೇ ಮಾದರಿಯ ತಖ್ತೆಗಳು ಸಾಧ್ಯವಾದವು.

ಸೀಬೊಮ್ ವರದಿ ಬಂದ ವರ್ಷವೇ ಸಂಶೋಧಕ ಬ್ಲೆಡಿನ್ ಡೇವಿಸ್ ತಮ್ಮ ಪುಸ್ತಕದಲ್ಲಿ ಪ್ರಾದೇಶಿಕ ನ್ಯಾಯವೆಂಬ ಪರಿಕಲ್ಪನೆಯನ್ನು ಮುಂದಿಟ್ಟರು: ಸೇವೆ ಎಲ್ಲ ಊರುಗಳಲ್ಲೂ ಸಮನಾಗಿದ್ದರೆ ಸಾಲದು, ಅದು ಆಯಾ ಊರಿನ ಅಗತ್ಯಕ್ಕೆ ತಕ್ಕಂತಿರಬೇಕು. ಅವರು 1974ರಲ್ಲಿ ಕೆಂಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಸಂಶೋಧನಾ ಘಟಕ ಮುಂದೆ ಅಗತ್ಯದ ಸೂತ್ರಗಳನ್ನೂ ಪ್ರತಿ ಸೇವೆಯ ಘಟಕ ವೆಚ್ಚವನ್ನೂ (ಒಂದು ಗಂಟೆಯ ಮನೆ ಆರೈಕೆ, ಒಂದು ವಾರದ ವಸತಿ ಇತ್ಯಾದಿಗೆ ತಗಲುವ ನೈಜ ಖರ್ಚು) ರೂಪಿಸಿತು. ಕೇಂದ್ರದ ಅನುದಾನವನ್ನು ಹಂಚಲು ಇಂಥ ಸೂತ್ರಗಳು ಬಳಕೆಯಾದ ಕಾರಣ, ಅಂಕಿಯಲ್ಲಿ ಆಗುವ ಸಣ್ಣ ಬದಲಾವಣೆಯೂ ಒಂದು ನಗರಕ್ಕೆ ಲಕ್ಷಾಂತರ ಪೌಂಡುಗಳ ಲಾಭ ಅಥವಾ ನಷ್ಟ ತರುವಂತಾಯಿತು.

ಸಿಬ್ಬಂದಿಯ ಲೆಕ್ಕ ಬುಡಮೇಲಾದದ್ದು 1990ರ ದಶಕದಲ್ಲಿ. ಕೌನ್ಸಿಲುಗಳು ಪ್ರತಿವರ್ಷ ಸೆಪ್ಟೆಂಬರ್ 30ರಂದು ತಮ್ಮ ನೌಕರರನ್ನು ಎಣಿಸಿ, ಅರೆಕಾಲಿಕರ ಗಂಟೆಗಳನ್ನು ಕೂಡಿಸಿ ಪೂರ್ಣಾವಧಿ ಹುದ್ದೆಗಳಿಗೆ ಸಮೀಕರಿಸಿ ತಿಳಿಸುತ್ತಿದ್ದವು. ಸಮುದಾಯದಲ್ಲಿನ ಆರೈಕೆಯನ್ನು ಕುರಿತ 1990ರ ಕಾನೂನು 1993ರ ಏಪ್ರಿಲ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂದಾಗ ಸರ್ಕಾರ ವಿಶೇಷ ಅನುದಾನದ ಶೇ. 85 ಭಾಗವನ್ನು ಖಾಸಗಿ ಮತ್ತು ಸ್ವಯಂಸೇವಾ ಸಂಸ್ಥೆಗಳ ಸೇವೆಗೇ ಖರ್ಚು ಮಾಡಬೇಕೆಂಬ ಷರತ್ತು ಹಾಕಿತು. 1992ರಲ್ಲಿ ಮನೆ ಆರೈಕೆಯ ಗಂಟೆಗಳಲ್ಲಿ ಶೇ. 2ರಷ್ಟಿದ್ದ ಈ ಸಂಸ್ಥೆಗಳ ಪಾಲು 2000ದ ಹೊತ್ತಿಗೆ ಅರ್ಧವನ್ನು ಮೀರಿತು. ಆರೈಕೆ ಮಾಡುವ ಕೈಗಳು ಕೌನ್ಸಿಲಿನ ಸಂಬಳದ ಪಟ್ಟಿಯಿಂದ ಹೊರಹೋದಂತೆ ಅಧಿಕೃತ ಅಂಕಿಯಿಂದಲೂ ಹೊರಹೋದವು. ಅತಿ ಕಡಿಮೆ ಸಂಬಳದ ಈ ಕೆಲಸಗಾರರಲ್ಲಿ ಬಹುಪಾಲು ಹೆಂಗಸರೇ ಆಗಿದ್ದರಿಂದ ಈ ನಷ್ಟ ಬರಿಯ ಲೆಕ್ಕದ ನಷ್ಟವಲ್ಲ. 2005ರಲ್ಲಿ ಸ್ಕಿಲ್ಸ್ ಫಾರ್ ಕೇರ್ ಸಂಸ್ಥೆ ಎಲ್ಲ ಬಗೆಯ ಉದ್ಯೋಗದಾತರಿಂದ ಮಾಹಿತಿ ಕೂಡಿಸತೊಡಗಿದ ಮೇಲೆಯೇ ಸುಮಾರು 15 ಲಕ್ಷ ಮಂದಿ ದುಡಿಯುವ ಈ ಕ್ಷೇತ್ರದ ನಿಜವಾದ ಗಾತ್ರ ಕಾಣಿಸಿತು. 2021–22ರಲ್ಲಿ ಸುಮಾರು 1.65 ಲಕ್ಷ ಹುದ್ದೆಗಳು ಖಾಲಿಯಿವೆಯೆಂದು ತಿಳಿದದ್ದು ಈ ಸಂಗ್ರಹದಿಂದಲೇ.

ಸಮಾಜ ಸೇವೆಗಳ ಕುರಿತ ಸರ್ಕಾರದ 1998ರ ಶ್ವೇತಪತ್ರದ ಬೆನ್ನಿಗೆ, 1999ರಲ್ಲಿ ಸುಮಾರು 50 ಸೂಚಕಗಳ ಸಾಧನಾ ಮೌಲ್ಯಮಾಪನ ಚೌಕಟ್ಟು ಬಂತು. ಪ್ರತಿ ಸೂಚಕಕ್ಕೂ ಒಂದರಿಂದ ಐದು ಚುಕ್ಕೆ, 2002ರಿಂದ ಇಡೀ ಕೌನ್ಸಿಲಿಗೆ ಸೊನ್ನೆಯಿಂದ ಮೂರು ನಕ್ಷತ್ರ. ಈ ಸೂಚಕಗಳಲ್ಲಿ ಒಂದು ತೀವ್ರ ಮನೆ ಆರೈಕೆ: ವಾರಕ್ಕೆ ಹತ್ತು ಗಂಟೆಗಿಂತ ಹೆಚ್ಚಿನ ನೆರವನ್ನು ಆರು ಅಥವಾ ಹೆಚ್ಚು ಭೇಟಿಗಳಲ್ಲಿ ಪಡೆಯುವ ಮನೆಗಳ ಪ್ರಮಾಣ. ತೀರಾ ದುರ್ಬಲರು ಮನೆಯಲ್ಲೇ ಇರಲೆಂಬ ಉದ್ದೇಶ ಒಳ್ಳೆಯದೇ. ಆದರೆ ವಾರಕ್ಕೆರಡು ಬಾರಿ ಬಂದು ಮನೆ ಗುಡಿಸಿ ಸಾಮಾನು ತಂದುಕೊಡುವ ಹಗುರ ನೆರವಿಗೆ ಅಂಕ ಸಿಗುತ್ತಿರಲಿಲ್ಲ. 1992ರಿಂದ 2005ರ ನಡುವೆ ಮನೆ ಆರೈಕೆಯ ಗಂಟೆಗಳು ಇಮ್ಮಡಿಯಾದರೂ ಅದನ್ನು ಪಡೆಯುವ ಮನೆಗಳು 5 ಲಕ್ಷಕ್ಕೂ ಹೆಚ್ಚಿದ್ದದ್ದು ಸುಮಾರು 3.5 ಲಕ್ಷಕ್ಕೆ ಕುಸಿದವು. ಸೂಚಕವೊಂದೇ ಇದಕ್ಕೆ ಕಾರಣವಲ್ಲವಾದರೂ ಅದು ಆ ಹರಿವಿಗೆ ಎದುರಾಗಿ ನಿಲ್ಲಲಿಲ್ಲ. ಮಕ್ಕಳ ಸೇವೆಯಲ್ಲಿ ಅಂಕಿಯನ್ನು ನೆಚ್ಚಿದ್ದರ ಅಪಾಯ ಇನ್ನೂ ಘೋರವಾಗಿ ಕಂಡಿತು. 2007ರಲ್ಲಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್, ಬಹುಪಾಲು ಕಾಗದಪತ್ರದ ದತ್ತಾಂಶದ ಮೇಲೆ, ಲಂಡನ್ನಿನ ಹ್ಯಾರಿಂಗೇ ಕೌನ್ಸಿಲಿಗೆ ಉತ್ತಮ ದರ್ಜೆ ಕೊಟ್ಟಿತ್ತು. ಅದೇ ವರ್ಷ ಅಲ್ಲಿ ಹಿಂಸೆಗೆ ಸಿಕ್ಕಿ ಸತ್ತ ಶಿಶುವೊಂದರ ಪ್ರಕರಣದ ನಂತರ 2008ರ ಕೊನೆಯಲ್ಲಿ ನಡೆದ ತುರ್ತು ತಪಾಸಣೆ ಗಂಭೀರ ವೈಫಲ್ಯಗಳನ್ನು ಕಂಡಿತು.

ನಕ್ಷತ್ರಗಳೂ, 2008ರಲ್ಲಿ ಬಂದ 198 ರಾಷ್ಟ್ರೀಯ ಸೂಚಕಗಳೂ 2010ರಲ್ಲಿ ಸರ್ಕಾರ ಬದಲಾದ ಹೊತ್ತಿಗೆ ಮರೆಯಾದವು. 2011ರಿಂದ ಇರುವ ವಯಸ್ಕರ ಆರೈಕೆಯ ಫಲಿತಾಂಶ ಚೌಕಟ್ಟು ಸೇವೆ ಪಡೆಯುವವರನ್ನೇ ಕೇಳುತ್ತದೆ: ಶುಚಿಯಾಗಿದ್ದೀರಾ, ಊಟ ಸರಿಯಾಗಿದೆಯೇ, ಸುರಕ್ಷಿತರೆನಿಸುತ್ತದೆಯೇ, ದಿನವನ್ನು ನಿಮ್ಮಿಷ್ಟದಂತೆ ಕಳೆಯುತ್ತೀರಾ, ಜನರ ಒಡನಾಟವಿದೆಯೇ? ಇಂಥ ಎಂಟು ಅಂಶಗಳಿಗೆ 24ರಲ್ಲಿ ದೇಶದ ಸರಾಸರಿ ಸುಮಾರು 19ರ ಆಸುಪಾಸಿನಲ್ಲೇ ನಿಂತಿದೆ. ಈ ಬದಲಾವಣೆ ನಿಜವಾದ ಮುನ್ನಡೆ. ಆದರೆ ನೆರವು ಸಿಕ್ಕವರನ್ನಷ್ಟೇ ಕೇಳುವುದರಿಂದ, ಅದೇ ವರ್ಷಗಳಲ್ಲಿ ಅನುದಾನ ಕಡಿತದಿಂದಾಗಿ ಕೌನ್ಸಿಲ್ ನೆರವು ಪಡೆಯುವ ವೃದ್ಧರ ಸಂಖ್ಯೆ ಸುಮಾರು ಕಾಲುಭಾಗ ಇಳಿದದ್ದು ಆ ಸರಾಸರಿಯಲ್ಲಿ ಕಾಣದು. 2014–15ರಲ್ಲಿ ತಖ್ತೆಗಳೇ ಬದಲಾದ್ದರಿಂದ ಹಿಂದಿನ ವರ್ಷಗಳೊಂದಿಗೆ ನೇರ ಹೋಲಿಕೆಯೂ ಕಡಿದುಹೋಯಿತು.

ಅಂಕಿಅಂಶಗಳ ನಿಯಂತ್ರಣ ಕಚೇರಿ ಈ ಕ್ಷೇತ್ರದ ಕೊರತೆಗಳನ್ನು ವರದಿ ಮಾಡಿದ್ದು 2020ರ ಜನವರಿಯಲ್ಲಿ. ಮೂರೇ ತಿಂಗಳಲ್ಲಿ ಕೋವಿಡ್ ಆರೈಕೆ ಗೃಹಗಳನ್ನು ಹೊಕ್ಕಿತು. ಅಲ್ಲಿನ ಸಾವುಗಳ ಪೂರ್ಣ ಚಿತ್ರ ನಿಯತವಾಗಿ ಪ್ರಕಟವಾಗತೊಡಗಿದ್ದು ಏಪ್ರಿಲ್ ಕೊನೆಯಲ್ಲಿ. ಆರೈಕೆ ಗೃಹಗಳಲ್ಲಿ ಸ್ವಂತ ಹಣದಿಂದ ಇರುವವರು ಮೂರನೆಯ ಒಂದು ಭಾಗಕ್ಕೂ ಹೆಚ್ಚೆಂಬ ಅಧಿಕೃತ ಅಂದಾಜು ಸಿಕ್ಕಿದ್ದು ಅದಾದ ಮೇಲೆ. 2021–22ರಲ್ಲಿ ವಯಸ್ಕರ ಆರೈಕೆಗೆ ಕೌನ್ಸಿಲುಗಳು ಖರ್ಚು ಮಾಡಿದ ಸುಮಾರು 2,200 ಕೋಟಿ ಪೌಂಡಿನಲ್ಲಿ ಇವರ ಹಣ ಸೇರಿಲ್ಲ. 2022ರ ಕಾನೂನು ಆರೈಕೆ ಸೇವೆಗಳ ತಪಾಸಣಾ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್‌ಗೆ ಕೌನ್ಸಿಲುಗಳನ್ನು ಮತ್ತೆ ಮೌಲ್ಯಮಾಪನ ಮಾಡುವ ಹೊಣೆ ಕೊಟ್ಟಿತು. 2023ರ ಏಪ್ರಿಲ್‌ನಿಂದ ಒಟ್ಟು ಮೊತ್ತಗಳ ಬದಲು ಪ್ರತಿ ಫಲಾನುಭವಿಯ ದಾಖಲೆಯನ್ನೇ ಕಳಿಸುವುದು ಕಡ್ಡಾಯವಾಗಿದೆ. ಸಂಬಳವಿಲ್ಲದೆ ಮನೆಯವರನ್ನು ನೋಡಿಕೊಳ್ಳುವವರ ಲೆಕ್ಕ ಮಾತ್ರ ಇಂದಿಗೂ ಮುಖ್ಯವಾಗಿ ಹತ್ತು ವರ್ಷಕ್ಕೊಮ್ಮೆಯ ಜನಗಣತಿಯಿಂದ ಬರುತ್ತದೆ: 2011ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವರು ಸುಮಾರು 58 ಲಕ್ಷ, 2021ರಲ್ಲಿ ಸುಮಾರು 50 ಲಕ್ಷ, ಈ ಇಳಿಕೆಯಲ್ಲಿ ಪ್ರಶ್ನೆಯ ಮಾತು ಬದಲಾದದ್ದರ ಹಾಗೂ ಸಾಂಕ್ರಾಮಿಕದ ನಡುವೆ ಗಣತಿ ನಡೆದದ್ದರ ಪಾಲೂ ಇರಬಹುದೆಂದು ಗಣತಿ ಕಚೇರಿಯೇ ಎಚ್ಚರಿಸಿದೆ.