ನಡುವಯಸ್ಸಿನ ಜಟೆ

ಕಳೆದ ಮಾಘಮಾಸದಲ್ಲಿ ನಮ್ಮ ವಾಚನಗೋಷ್ಠಿಗೆ ಬಂದ ಮಿತ್ರರೊಬ್ಬರನ್ನು ಸಭೆಯಲ್ಲಿ ಅನೇಕರು ಕೂಡಲೆ ಗುರುತಿಸಲಿಲ್ಲ. ವಯಸ್ಸು ಐವತ್ತೆರಡು, ವೃತ್ತಿಯಿಂದ ಜವಳಿ ವ್ಯಾಪಾರಿಗಳು, ಹದಿನೈದು ದಿನಗಳಿಗೊಮ್ಮೆ ತಪ್ಪದೆ ಕ್ಷೌರ ಮಾಡಿಸಿಕೊಂಡು ಬಂದವರು. ಅಂತಹವರ ನರೆಗೂದಲು ಈಗ ಹೆಗಲ ಮೇಲೆ ಇಳಿದಿದ್ದಿತು. ಒಬ್ಬರು ‘ಯಾವ ದೇವರ ಹರಕೆ?’ ಎಂದರು, ಇನ್ನೊಬ್ಬರು ‘ನಾಟಕದಲ್ಲಿ ವಿಶ್ವಾಮಿತ್ರನ ಪಾತ್ರವೇ?’ ಎಂದರು. ಮಿತ್ರರು ನಕ್ಕು, ‘ಅಂಗಡಿಯ ಲೆಕ್ಕದ ಪುಸ್ತಕವನ್ನು ಮಗನ ಕೈಗೆ ಕೊಟ್ಟ ದಿನದಿಂದ ಹೀಗೇ ಬಿಟ್ಟಿದ್ದೇನೆ, ಕಾರಣ ನನಗೂ ತಿಳಿಯದು’ ಎಂದರು. ಎಲ್ಲರೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಸಂಸಾರದ ಲೆಕ್ಕವನ್ನು ಮಗನಿಗೊಪ್ಪಿಸಿ ಕೂದಲನ್ನು ಬೆಳೆಯಬಿಡುವುದು ಇವರ ಹೊಸ ಚಪಲವಲ್ಲ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಅದು ವಿಧಿಯಾಗಿದ್ದಿತು. ಆ ವಿಧಿಯ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮನುಸ್ಮೃತಿಯ ಆರನೆಯ ಅಧ್ಯಾಯವು ವಾನಪ್ರಸ್ಥನ ಧರ್ಮದಿಂದ ಮೊದಲಾಗುತ್ತದೆ. ಗೃಹಸ್ಥನು ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮಗನ ಮಗನನ್ನೂ ಕಂಡಾಗ ಅರಣ್ಯವನ್ನು ಆಶ್ರಯಿಸಬೇಕೆಂದೂ, ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ ಆಕೆಯನ್ನು ಜೊತೆಗೆ ಕರೆದುಕೊಂಡಾದರೂ ಹೊರಡಬಹುದೆಂದೂ ಅಲ್ಲಿ ಹೇಳಿದೆ. ಮೊಮ್ಮಗನನ್ನು ಕಾಣುವ ವಯಸ್ಸು ಮುಪ್ಪಿನದೇ ಆಗಿರಬೇಕೆಂದಿಲ್ಲ, ನಡುವಯಸ್ಸಿನದೂ ಆಗಿರಬಹುದು. ಹಾಗೆ ಹೊರಟವನು ಜಟೆಯನ್ನು ಧರಿಸಬೇಕು; ಗಡ್ಡ, ಮೀಸೆ, ಮೈಗೂದಲು, ಉಗುರು, ಇವುಗಳಲ್ಲಿ ಒಂದನ್ನೂ ಕತ್ತರಿಸಬಾರದು.

ಈ ದೃಷ್ಟಿಯಿಂದ ಆ ಗ್ರಂಥವನ್ನು ಓದಿದರೆ, ಕೂದಲು ಆಯುಷ್ಯದ ಪಂಚಾಂಗದಂತೆ ತೋರುವುದು. ಬ್ರಹ್ಮಚಾರಿಯು ತಲೆ ಬೋಳಿಸಿರಬಹುದು, ಜಟೆ ಬಿಟ್ಟಿರಬಹುದು, ಇಲ್ಲವೆ ಶಿಖೆಯೊಂದನ್ನೇ ಜಟೆಯಾಗಿಸಿರಬಹುದು. ಗೃಹಸ್ಥನಾದವನು ಕೂದಲು, ಉಗುರು, ಗಡ್ಡಗಳನ್ನು ಕತ್ತರಿಸಿ ಒಪ್ಪವಾಗಿರಬೇಕು. ವಾನಪ್ರಸ್ಥನು ಏನನ್ನೂ ಕತ್ತರಿಸಬಾರದು. ಸಂನ್ಯಾಸಿಯು ಮತ್ತೆ ಕತ್ತರಿಸಬೇಕು. ಗೃಹಸ್ಥನಿಗೂ ಸಂನ್ಯಾಸಿಗೂ ಸ್ಮೃತಿಕಾರನು ಬಳಸಿರುವುದು ‘ಕ್ಲೃಪ್ತಕೇಶನಖಶ್ಮಶ್ರು’ ಎಂಬ ಒಂದೇ ಸಮಾಸವನ್ನು. ನಡುವೆ ನಿಂತ ವಾನಪ್ರಸ್ಥನೊಬ್ಬನೇ ಕತ್ತರಿಗೆ ಹೊರತಾದವನು.

ಇದಕ್ಕೆ ಕಾರಣವೇನಿರಬಹುದು? ವಾನಪ್ರಸ್ಥನಿಗೆ ಹೇಳಿದ ಉಳಿದ ನಿಯಮಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ. ಅವನು ಉತ್ತ ನೆಲದಲ್ಲಿ ಬೆಳೆದುದನ್ನು ಉಣ್ಣಬಾರದು. ಗೌತಮ ಧರ್ಮಸೂತ್ರವು ಇನ್ನೂ ಮುಂದೆ ಹೋಗಿ, ಉತ್ತ ನೆಲವನ್ನು ತುಳಿಯಲೂ ಬಾರದು, ಊರನ್ನು ಹೊಗಲೂ ಬಾರದು ಎಂದು ವಿಧಿಸಿದೆ. ಅದೇ ಪ್ರಕರಣದಲ್ಲಿ ಅವನನ್ನು ‘ಜಟಿಲ’ನೆಂದು ಕರೆದಿದೆ. ನೇಗಿಲು ತಾಗದ ನೆಲ, ಕತ್ತರಿ ತಾಗದ ತಲೆ, ಎರಡೂ ಒಂದೇ ಅರ್ಥವುಳ್ಳವು. ಊರಿನಲ್ಲಿರುವವನು ಊರಿನ ಒಪ್ಪಕ್ಕಾಗಿ ತಲೆಯನ್ನು ತಿದ್ದಿಕೊಳ್ಳಬೇಕು. ಊರಿನ ವ್ಯವಹಾರಕ್ಕೆ ಕೈಮುಗಿದವನಿಗೆ ತಿದ್ದಿಕೊಳ್ಳಬೇಕಾದುದೇನೂ ಇಲ್ಲ. ಆದರೂ ಅವನು ಸಂನ್ಯಾಸಿಯಂತೆ ಎಲ್ಲವನ್ನೂ ಕಡಿದುಕೊಂಡವನಲ್ಲ; ಅಗ್ನಿಯನ್ನು ಜೊತೆಗೆ ಒಯ್ಯುತ್ತಾನೆ, ಅತಿಥಿಯನ್ನು ಸತ್ಕರಿಸುತ್ತಾನೆ, ಹೆಂಡತಿಯೂ ಜೊತೆಗಿರಬಹುದು. ಹಿಡಿತವನ್ನು ಬಿಟ್ಟಿದ್ದಾನೆ, ಸಂಬಂಧವನ್ನು ಬಿಟ್ಟಿಲ್ಲ. ಆ ನಡುವಣ ಸ್ಥಿತಿಗೆ ಗುರುತು ಜಟೆ.

ಈ ಕ್ರಮವು ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ತಿಳಿಯಬಾರದು. ಪ್ರಾಚೀನ ಧರ್ಮಸೂತ್ರಗಳಲ್ಲಿ ನಾಲ್ಕು ಆಶ್ರಮಗಳು ಒಂದರ ಮೇಲೊಂದು ಏರುವ ಮೆಟ್ಟಿಲುಗಳಲ್ಲ. ವೇದಾಧ್ಯಯನ ಮುಗಿಸಿದ ತರುಣನು ಬಾಳಿನುದ್ದಕ್ಕೂ ಯಾವುದಾದರೊಂದನ್ನು ಆರಿಸಿಕೊಳ್ಳಬಹುದಾದ ನಾಲ್ಕು ದಾರಿಗಳು. ಪ್ಯಾಟ್ರಿಕ್ ಒಲಿವೆಲ್ ಎಂಬ ವಿದ್ವಾಂಸರು ಆಶ್ರಮ ವ್ಯವಸ್ಥೆಯನ್ನು ಕುರಿತು ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಆ ದಾರಿಗಳನ್ನು ವಯಸ್ಸಿಗೆ ತಕ್ಕ ಮೆಟ್ಟಿಲುಗಳಾಗಿ ಜೋಡಿಸಿದ್ದು ಮನುಸ್ಮೃತಿಯ ಕಾಲದ ಹೊತ್ತಿಗೆ. ಹಾಗೆ ಜೋಡಿಸಿದಾಗ ಕಾಡಿನ ಜಟೆಯು ನಡುವಯಸ್ಸಿನ ಪಾಲಿಗೆ ಬಂದಿತು. ಸ್ಮೃತಿಗಳು ಈ ಮೆಟ್ಟಿಲುಗಳನ್ನು ದ್ವಿಜರಿಗೆ ಮಾತ್ರ ಹೇಳಿದುವೆಂಬುದನ್ನೂ ಇಲ್ಲಿ ಮರೆಯಲಾಗದು.

ಇದೆಲ್ಲ ಬರಿಯ ಗ್ರಂಥದ ಮಾತೋ, ಜನರು ಆಚರಿಸಿದುದೂ ಉಂಟೋ ಎಂಬ ಸಂದೇಹ ಸಹಜವೇ. ಜಟಾಧಾರಿಗಳಾದ ವನವಾಸಿಗಳು ಇದ್ದರೆಂಬುದಕ್ಕೆ ಬೌದ್ಧರ ವಿನಯಪಿಟಕವೇ ಸಾಕ್ಷಿಯು. ಉರುವೇಲೆಯಲ್ಲಿ ನೇರಂಜರಾ ನದಿಯ ದಂಡೆಯ ಮೇಲೆ ಕಾಶ್ಯಪರೆಂಬ ಮೂವರು ಸೋದರರು ಅಗ್ನಿಯನ್ನು ಪೂಜಿಸುತ್ತ, ಕ್ರಮವಾಗಿ ಐನೂರು, ಮುನ್ನೂರು, ಇನ್ನೂರು ಮಂದಿ ಜಟಿಲರಿಗೆ ಮುಖ್ಯರಾಗಿದ್ದರೆಂದು ಮಹಾವಗ್ಗದಲ್ಲಿ ಹೇಳಿದೆ. ಹಿರಿಯ ಕಾಶ್ಯಪನು ಬುದ್ಧನಿಗೆ ಶರಣಾಗಿ, ತನ್ನವರೊಡನೆ ಜಟೆಗಳನ್ನು ಕತ್ತರಿಸಿ, ಅಗ್ನಿಹೋತ್ರದ ಸಾಮಗ್ರಿಗಳೊಡನೆ ನದಿಗೆ ಬಿಟ್ಟನು. ನೀರಿನಲ್ಲಿ ತೇಲಿಬಂದ ಕೂದಲನ್ನು ಕೆಳದಂಡೆಯಲ್ಲಿದ್ದ ತಮ್ಮನು ಕಂಡು, ಅಣ್ಣನಿಗೆ ಏನೋ ಅಪಾಯವಾಯಿತೆಂದು ಹೆದರಿ ಓಡಿಬಂದನು. ಜಟೆಯೆಂದರೆ ಆ ಜನರಿಗೆ ಏನಾಗಿದ್ದಿತೆಂಬುದನ್ನು ಹೇಳಲು ಈ ಒಂದು ಸಂಗತಿ ಸಾಕು. ಈ ಸೋದರರ ಕಥೆಯನ್ನು ಸಾಂಚಿಯ ಪೂರ್ವತೋರಣದಲ್ಲಿ ಶಿಲ್ಪಿಗಳು ಕೆತ್ತಿದ್ದಾರೆ. ತಲೆಯ ಮೇಲೆ ಜಟೆಯನ್ನು ಎತ್ತಿ ಕಟ್ಟಿದ ತಾಪಸರನ್ನು ಇಂದಿಗೂ ಅಲ್ಲಿ ನೋಡಬಹುದು.

ಬೌದ್ಧರು ಜಟೆಯನ್ನು ಒಪ್ಪಿದವರಲ್ಲ. ಭಿಕ್ಷುವಿನ ಕೂದಲು ಎರಡು ಅಂಗುಲವನ್ನು ಮೀರಬಾರದು, ಎರಡು ತಿಂಗಳಿಗಿಂತ ಹೆಚ್ಚು ಬೆಳೆಯಬಾರದು ಎಂಬುದು ಅವರ ನಿಯಮವು. ಜೈನಮುನಿಗಳು ಕೂದಲನ್ನು ಕೈಯಿಂದಲೇ ಕಿತ್ತು ಕೇಶಲೋಚ ಮಾಡಿಕೊಳ್ಳುವರು. ತೀರ್ಥಂಕರರಲ್ಲಿ ಆದಿನಾಥನ ಹೆಗಲ ಮೇಲೆ ಮಾತ್ರ ನೀಳವಾದ ಕುರುಳುಗಳಿರುವುದನ್ನು ನಮ್ಮ ಬಸದಿಗಳಿಗೆ ಹೋಗಿಬಂದವರು ಗಮನಿಸಿರಬಹುದು. ಆದರೂ ಬೇರೆ ಮತಗಳಿಂದ ಬಂದವರಿಗೆ ನಾಲ್ಕು ತಿಂಗಳ ಪರೀಕ್ಷಾಕಾಲವನ್ನು ವಿಧಿಸಿದ್ದ ಬೌದ್ಧಸಂಘವು ಅಗ್ನಿಪೂಜಕರಾದ ಜಟಿಲರಿಗೆ ಅದನ್ನು ಮನ್ನಿಸಿದ್ದಿತು. ಅವರು ಕರ್ಮಫಲವನ್ನು ನಂಬುವವರೆಂಬುದೇ ಕಾರಣವು. ಎದುರಾಳಿಗಳು ತೋರಿದ ಈ ಮರ್ಯಾದೆಗಿಂತ ಹೆಚ್ಚಿನ ಪ್ರಮಾಣಪತ್ರವು ಜಟಿಲರಿಗೆ ಬೇಕೆ?

ನರೆಯನ್ನು ಕಂಡು ಮನೆ ಬಿಡುವ ಭಾವವು ಮಾತ್ರ ಎಲ್ಲ ಮತಗಳಿಗೂ ಸಮಾನವಾಗಿದ್ದಿತು. ಜಾತಕಕಥೆಗಳಲ್ಲಿ ಮಖಾದೇವನೆಂಬ ಮಿಥಿಲೆಯ ಅರಸನು, ತನ್ನ ತಲೆಯಲ್ಲಿ ನರೆ ಕಂಡ ದಿನ ತಿಳಿಸಬೇಕೆಂದು ಕ್ಷೌರಿಕನಿಗೆ ಅಪ್ಪಣೆ ಮಾಡಿರುತ್ತಾನೆ. ಆ ದಿನ ಬಂದಾಗ ಕ್ಷೌರಿಕನು ಚಿನ್ನದ ಚಿಮಟದಿಂದ ಆ ಒಂದು ಕೂದಲನ್ನು ಕಿತ್ತು ಅರಸನ ಅಂಗೈಯಲ್ಲಿಡುತ್ತಾನೆ. ಅರಸನು ಅವನಿಗೆ ಒಂದು ಗ್ರಾಮವನ್ನು ಇನಾಮಾಗಿ ಕೊಟ್ಟು, ಹಿರಿಯ ಮಗನಿಗೆ ರಾಜ್ಯವನ್ನೊಪ್ಪಿಸಿ, ಮಾವಿನ ತೋಪಿಗೆ ಹೊರಟುಹೋಗುತ್ತಾನೆ. ಕ್ರಿ. ಪೂ. ಎರಡನೆಯ ಶತಮಾನದ ಸುಮಾರಿನ ಭಾರ್ಹುತದ ಸ್ತೂಪದಲ್ಲಿ ಈ ಕಥೆಯ ಶಿಲ್ಪವು ಹೆಸರು ಸಹಿತವಾಗಿ ದೊರೆತಿದೆ. ಮುಪ್ಪಿನ ಸುದ್ದಿ ತಂದವನಿಗೆ ಇನಾಮು ಕೊಟ್ಟ ಅರಸನನ್ನು ಆ ಕಾಲದ ಜನರು ಕಲ್ಲಿನಲ್ಲಿ ನಿಲ್ಲಿಸಿದರೆಂಬುದು ಯೋಚಿಸತಕ್ಕ ವಿಷಯವು.

ಮಹಾಭಾರತದ ಆಶ್ರಮವಾಸಿಕ ಪರ್ವವು ಈ ವಿಧಿಯ ಕಷ್ಟವನ್ನು ಮನಮುಟ್ಟುವಂತೆ ತೋರಿಸುತ್ತದೆ. ಯುದ್ಧ ಮುಗಿದು, ಮಕ್ಕಳೆಲ್ಲ ಹತರಾದ ಮೇಲೂ ಧೃತರಾಷ್ಟ್ರನು ಹದಿನೈದು ವರ್ಷ ಪಾಂಡವರ ಅರಮನೆಯಲ್ಲಿಯೇ ಇದ್ದನು. ಆಮೇಲೆ ತಾನೇ ಅವನು ಗಾಂಧಾರಿ, ಕುಂತಿ, ವಿದುರ, ಸಂಜಯರೊಡನೆ ಕಾಡಿಗೆ ಹೊರಟದ್ದು. ನೋಡಲು ಹೋದ ಧರ್ಮರಾಯನಿಗೆ ವಿದುರನು ಜಟಾಧಾರಿಯಾಗಿ, ಎಲುಬಿನ ಗೂಡಾಗಿ, ದೂರದಲ್ಲಿ ಕಾಣಿಸಿಕೊಂಡನು. ನಮ್ಮ ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಮಾತ್ರ ಹಾಡಿದ್ದರಿಂದಲೂ, ಉಳಿದುದನ್ನು ಪೂರೈಸಿದ ತಿಮ್ಮಣ್ಣ ಕವಿಯ ಓದು ಅಷ್ಟಾಗಿ ಬಳಕೆಯಲ್ಲಿಲ್ಲದುದರಿಂದಲೂ, ನಮ್ಮ ಮನೆಗಳ ಭಾರತವಾಚನವು ಬಹುಮಟ್ಟಿಗೆ ಗೆಲವಿನೊಡನೆಯೇ ಮುಗಿಯುತ್ತದೆ. ಗೆದ್ದ ಮೇಲೆ ಬಿಡಬೇಕಾದ ಅಧ್ಯಾಯವು ನಮ್ಮ ಕಿವಿಗೆ ಬಿದ್ದುದು ಕಡಮೆ.

ಈ ಆಶ್ರಮವು ನಿಂತುಹೋದುದು ಹೇಗೆ? ಕನ್ನಡನಾಡಿನ ಎರಡು ದೊಡ್ಡ ಗ್ರಂಥಗಳು ಇಲ್ಲಿ ನೆನಪಿಗೆ ಬರುತ್ತವೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಗಡ್ಡ, ಜಟೆ, ಮೈಗೂದಲುಗಳನ್ನು ಧರಿಸುವ ವಾನಪ್ರಸ್ಥನ ಪ್ರಕರಣವನ್ನೂ ಅವನು ಕ್ರಮವಾಗಿ ವಿವರಿಸಿದನು. ಆದರೆ ಆ ಗ್ರಂಥವು ನ್ಯಾಯಸ್ಥಾನಗಳಲ್ಲಿ ಶತಮಾನಗಳ ಕಾಲ ಪ್ರಮಾಣವಾಗಿ ಉಳಿದದ್ದು ಜಟೆಯ ವಿಷಯದಿಂದಲ್ಲ, ದಾಯಭಾಗದ ವಿಷಯದಿಂದ. ಮುಂದೆ ವಿಜಯನಗರದ ಬುಕ್ಕರಾಯನ ಕಾಲದ ಮಾಧವಾಚಾರ್ಯರು ಪರಾಶರ ಸ್ಮೃತಿಗೆ ಬರೆದ ವ್ಯಾಖ್ಯಾನದಲ್ಲಿ ಕಲಿವರ್ಜ್ಯಗಳ, ಎಂದರೆ ಕಲಿಯುಗದಲ್ಲಿ ಬಿಡಬೇಕಾದ ಆಚಾರಗಳ, ವಿಚಾರ ಬರುತ್ತದೆ. ಬೃಹನ್ನಾರದೀಯ ಪುರಾಣದ ಕಲಿವರ್ಜ್ಯಗಳ ಪಟ್ಟಿಯಲ್ಲಿ ವಾನಪ್ರಸ್ಥಾಶ್ರಮವೂ ಸೇರಿದೆ.

ನಿಷೇಧದಿಂದಲೇ ಅದು ಅಳಿಯಿತೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಆದರೆ ಇನ್ನೆರಡು ಸಂಗತಿಗಳು ಹಾಗೆ ಮಾಡಗೊಡುವುದಿಲ್ಲ. ಇಂತಹದೇ ಇನ್ನೊಂದು ವಚನವು ಸಂನ್ಯಾಸವನ್ನೂ ಕಲಿಯುಗದಲ್ಲಿ ಬೇಡವೆಂದಿತು. ಆದರೂ ಸಂನ್ಯಾಸವು ಉಳಿಯಿತು, ಶೃಂಗೇರಿಯೇ ಮೊದಲಾದ ಮಠಗಳಲ್ಲಿ ಬೆಳೆಯಿತು. ವಾನಪ್ರಸ್ಥವನ್ನು ಹೇಳಿದ ಪಟ್ಟಿಯೇ ಸಮುದ್ರಯಾನ ಮಾಡಿದವನ ಸಂಸರ್ಗವನ್ನೂ ನಿಷೇಧಿಸಿತು. ೧೮೮೮ರಲ್ಲಿ ಗಾಂಧಿಯವರು ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯವರು ಬಹಿಷ್ಕಾರ ಹಾಕಿದರು. ಆ ನಿಷೇಧವನ್ನು ನಮ್ಮವರು ವಾದ ಮಾಡಿ, ದಂಡ ತೆತ್ತು, ಪ್ರಾಯಶ್ಚಿತ್ತ ಮಾಡಿಕೊಂಡು, ಕೊನೆಗೆ ಮುರಿದೇ ಬಿಟ್ಟರು. ಬೇಕಾದ ನಿಷೇಧವನ್ನು ಮುರಿಯಲು ನಮಗೆ ಬಾರದೆ ಇಲ್ಲ. ವಾನಪ್ರಸ್ಥದ ನಿಷೇಧವನ್ನು ಮುರಿಯಲು ಮಾತ್ರ ಅಷ್ಟು ಹಟದಿಂದ ಹೊರಟವರನ್ನು ಕಾಣೆವು. ಆದುದರಿಂದ ಆ ಆಶ್ರಮವನ್ನು ಪುರಾಣವಚನವು ಕೊಂದಿತೆನ್ನುವುದಕ್ಕಿಂತ, ಅದು ಹೋದುದು ಗೃಹಸ್ಥರಾದ ನಮಗೆ ಅನುಕೂಲವೇ ಆಯಿತೆನ್ನುವುದು ಹೆಚ್ಚು ಸತ್ಯವೆಂದು ನನಗೆ ತೋರುತ್ತದೆ.

ಇದರಿಂದ ಆದ ನಷ್ಟವು ಸಣ್ಣದಲ್ಲ. ನಮ್ಮ ನಡುವಯಸ್ಸಿಗೆ ತನ್ನದೇ ಆದ ಹೆಸರೂ ಗುರುತೂ ಇಲ್ಲದಂತಾದುವು. ಒಂದು ಕಡೆ ಬೀಗದ ಕೈಗೊಂಚಲನ್ನು ಬಿಡದ ಯಜಮಾನ, ಇನ್ನೊಂದು ಕಡೆ ಎಲ್ಲವನ್ನೂ ಬಿಟ್ಟ ಸಂನ್ಯಾಸಿ. ಇವರಿಬ್ಬರ ನಡುವೆ, ಅಧಿಕಾರವನ್ನು ಕೊಟ್ಟೂ ಅಕ್ಕರೆಯನ್ನು ಉಳಿಸಿಕೊಂಡ ಹಿರಿಯನಿಗೆ ನಿಲ್ಲಲು ತಾಣವಿಲ್ಲ. ಮೂವತ್ತೈದು ವರ್ಷದ ಮಗನು ಒಂದು ಸಾಮಾನು ಕೊಳ್ಳಬೇಕಾದರೂ ತಂದೆಯ ಮುಖ ನೋಡುವ ಮನೆಗಳು, ಅತ್ತೆಯ ಸೊಂಟದಿಂದ ಉಗ್ರಾಣದ ಬೀಗದ ಕೈ ಇಳಿಯದೆ ಸೊಸೆಯ ತಲೆಯೂ ನರೆತ ಮನೆಗಳು ನಮ್ಮ ವಾಚಕರಿಗೆ ಅಪರಿಚಿತವಾಗಿರಲಾರವು. ಕೊನೆಗೆ ಕೈ ಬದಲಾಗುವುದು ಸಾವಿನಿಂದ ಇಲ್ಲವೆ ವ್ಯಾಜ್ಯದಿಂದ.

ಈಗ ಕಾಡಿಗೆ ಹೋಗಿರೆಂದು ಯಾರೂ ಹೇಳಲಾರರು; ಹೇಳಬೇಕಾದುದೂ ಇಲ್ಲ. ಗಾಂಧಿಯವರು ೧೯೦೬ರಲ್ಲಿ, ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲಿ, ಬ್ರಹ್ಮಚರ್ಯವ್ರತವನ್ನು ಕೈಕೊಂಡ ಸಂದರ್ಭವನ್ನು ಆತ್ಮಕಥೆಯಲ್ಲಿ ಹೇಳುವಾಗ, ಸಂತಾನದ ಮತ್ತು ಧನದ ಆಸೆಯನ್ನು ಬಿಟ್ಟು ವಾನಪ್ರಸ್ಥನಂತೆ ಬಾಳಬೇಕೆಂದು ಅನ್ನಿಸಿದುದನ್ನು ಬರೆದಿದ್ದಾರೆ. ಅವರು ಜಟೆ ಬಿಡಲಿಲ್ಲ, ಬಿಡಬೇಕಾದುದನ್ನು ಬಿಟ್ಟರು. ಜಟೆಯಿಲ್ಲದ ವಾನಪ್ರಸ್ಥವು ಸಾಧ್ಯವೆಂಬುದಕ್ಕೆ ಅದು ನಿದರ್ಶನವು. ವಾನಪ್ರಸ್ಥವಿಲ್ಲದ ಜಟೆಯೂ ಸಾಧ್ಯವೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ.

ನಮ್ಮ ಮಿತ್ರರ ಮಾತಿಗೆ ಮರಳುತ್ತೇನೆ. ಈ ವಿಷಯಗಳನ್ನೆಲ್ಲ ಮೊನ್ನೆ ಅವರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಪುಸ್ತಕ ಕೊಟ್ಟದ್ದು ನಿಜ. ಆದರೆ ಸಂಜೆಯಾದರೆ ಕಾಲು ತಾನಾಗಿ ಅಂಗಡಿಗೆ ಹೋಗುತ್ತದೆ. ಮಗನು ಮಾತನಾಡದೆ ಪುಸ್ತಕವನ್ನು ನನ್ನ ಮುಂದೆ ಸರಿಸುತ್ತಾನೆ. ನಾನು ನೋಡುತ್ತೇನೆ’ ಎಂದರು. ಮತ್ತೆ ತಾವೇ, ‘ಕೂದಲು ಬೆಳೆಯುವುದಕ್ಕೆ ಒಂದು ವರ್ಷ ಸಾಕಾಯಿತು’ ಎಂದು ಸೇರಿಸಿದರು.

ನಾನು ಏನನ್ನೂ ಹೇಳಲಿಲ್ಲ. ನನ್ನ ತಲೆಗೂದಲು ಇಂದಿಗೂ ಒಪ್ಪವಾಗಿ ಕತ್ತರಿಸಿದೆ. ಮನೆಯ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಇದನ್ನು ಬರೆಯುತ್ತಿರುವಾಗಲೂ ನನ್ನ ಜನಿವಾರದಲ್ಲಿಯೇ ಇದೆ.