ಎಲ್ಕ್ ಬೇಟೆಯಲ್ಲಿ ಕರಡಿಯ ಪಾಲು

1805ರ ಜೂನ್ 14ರಂದು ಮಿಸೌರಿ ನದಿಯ ಬಳಿ ಮೆರಿವೆದರ್ ಲೂಯಿಸ್ ಒಂದು ಬೈಸನ್ ಹೊಡೆದ. ಅದು ಬೀಳುವುದನ್ನೇ ನೋಡುತ್ತ ನಿಂತವನಿಗೆ ಕೋವಿಗೆ ಮತ್ತೆ ಮದ್ದು ತುಂಬುವುದು ಮರೆತೇ ಹೋಯಿತು. ತಿರುಗಿ ನೋಡಿದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಗ್ರಿಜ್ಲಿ ಕರಡಿ. ಓಡಿ ನದಿಗಿಳಿದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕೈಯಲ್ಲಿದ್ದ ಈಟಿಯನ್ನು ಅದರತ್ತ ಚಾಚಿದ. ಕರಡಿ ಹಿಂತಿರುಗಿತು. ಅಮೆರಿಕದ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ದಿನಚರಿಗಳಲ್ಲಿ ನಾನು ಮತ್ತೆ ಮತ್ತೆ ಓದುವ ಪ್ರಸಂಗ ಇದು. ಬೇಟೆ ಬಿದ್ದ ಮೇಲೆಯೇ ಅಪಾಯ ಶುರುವಾಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊಂಟಾನಾ, ವಯೋಮಿಂಗ್ ರಾಜ್ಯಗಳ ಬೆಟ್ಟಗಳಿಗೆ ಮಾರ್ಗದರ್ಶಿಯಿಲ್ಲದೆ, ಸ್ವಂತ ಕುದುರೆಗಳೊಂದಿಗೆ ಎಲ್ಕ್ ಬೇಟೆಗೆ ಹೊರಡುವವರು ಇಂದಿಗೂ ಇದ್ದಾರೆ. ಎಲ್ಕ್ ನಮ್ಮ ಕಡವೆಯ ಬಳಗದ್ದೇ. ಗಂಡು ಸುಮಾರು ಮುನ್ನೂರು ಕಿಲೋ ತೂಗುತ್ತದೆ. ಈ ಕಾಲದಲ್ಲೂ ಕುದುರೆಯೇಕೆ ಎಂದರೆ ಉತ್ತರ ಕಾನೂನಿನಲ್ಲಿದೆ. 1964ರ ವನ್ಯಪ್ರದೇಶ ಕಾಯ್ದೆ ಈ ಕಾಡುಗಳ ಒಳಭಾಗಕ್ಕೆ ಮೋಟಾರು ವಾಹನ ಬಿಡುವುದಿಲ್ಲ. ನಡೆಯಬೇಕು, ಇಲ್ಲವೇ ಕುದುರೆ, ಹೇಸರಗತ್ತೆಯ ಮೇಲೆ ಹೇರಬೇಕು. ಅವರ ತಯಾರಿಯ ಪಟ್ಟಿಯನ್ನು ನಾನು ಇತಿಹಾಸದ ದಾಖಲೆಯಂತೆ ಓದುತ್ತೇನೆ. ಅದರ ಒಂದೊಂದು ಸಾಲಿನಲ್ಲೂ ಕರಡಿಯಿದೆ.

ಹಿಂದೆ ಹಾಗಿರಲಿಲ್ಲ. 1884ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಬಿಗ್‌ಹಾರ್ನ್ ಬೆಟ್ಟಗಳಿಗೆ ಹೋದಾಗ ಎಲ್ಕ್ ಹೊಡೆದ. ಆ ಕಳೇಬರಕ್ಕೆ ಗ್ರಿಜ್ಲಿ ಬಂತು. ಅವನ ಪಾಲಿಗೆ ಅದು ಎರಡನೆಯ ಬೇಟೆ. ಹೆಜ್ಜೆ ಹಿಡಿದು ಹೋಗಿ ಕರಡಿಯನ್ನೂ ಕೊಂದ. ಮರುವರ್ಷ ಪುಸ್ತಕದಲ್ಲಿ ಬರೆದುಕೊಂಡ. ಕರಡಿ ಕಂಡರೆ ಕೊಲ್ಲುವುದು ಆಗ ಯಾರಿಗೂ ತಪ್ಪೆನಿಸಿರಲಿಲ್ಲ. ದನ, ಕುರಿ ಸಾಕುವವರು ವಿಷ ಇಟ್ಟರು, ಬೋನು ಒಡ್ಡಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ ಸುಮಾರು 50,000 ಗ್ರಿಜ್ಲಿಗಳಿದ್ದವೆಂಬ ಅಂದಾಜಿದೆ. 1975ಕ್ಕೆ ಸಾವಿರವೂ ಉಳಿದಿರಲಿಲ್ಲ. ಯೆಲ್ಲೋಸ್ಟೋನ್ ಸುತ್ತಮುತ್ತ ಅಂದಾಜು 136. ಅದೇ ವರ್ಷ ಅವುಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು.

ಮಾಂಸವನ್ನು ಮರಕ್ಕೆ ನೇತುಹಾಕಿ, ನಾಳೆ ಬಂದು ಒಯ್ದರಾಯಿತು ಎಂಬ ನಿರಾಳ ಅಭ್ಯಾಸ ಕರಡಿ ಅಪರೂಪವಾಗಿದ್ದ ಈ ನಡುಗಾಲದಲ್ಲಿ ಗಟ್ಟಿಯಾಯಿತೆಂದು ನನಗನಿಸುತ್ತದೆ. ಈಗ ಯೆಲ್ಲೋಸ್ಟೋನ್ ಪ್ರದೇಶದಲ್ಲೇ ಸುಮಾರು ಸಾವಿರ ಗ್ರಿಜ್ಲಿಗಳಿವೆ. ಗಂಡು ಎಲ್ಕ್ ಕೂಗುವ ಸೆಪ್ಟೆಂಬರ್ ತಿಂಗಳೇ ಕರಡಿ ಚಳಿಗಾಲದ ನಿದ್ದೆಗಾಗಿ ಹಗಲೂ ರಾತ್ರಿ ತಿನ್ನುವ ಕಾಲ.

ಹಾಗಾಗಿ ಲೆಕ್ಕ ಮಾಂಸದಿಂದ ಶುರುವಾಗುತ್ತದೆ. ದೊಡ್ಡ ಎಲ್ಕ್‌ನ ಮೂಳೆ ಬಿಡಿಸಿದರೂ ಸುಮಾರು ನೂರು ಕಿಲೋ ಮಾಂಸ. ಹೇರುಕುದುರೆಯೊಂದು ಬೆಟ್ಟದ ದಾರಿಯಲ್ಲಿ ಹೊರುವುದು ಎಪ್ಪತ್ತು ಕಿಲೋ ಆಸುಪಾಸು. ಅಂದರೆ ಒಂದು ಎಲ್ಕ್‌ಗೆ ಎರಡು ಹೇರುಕುದುರೆ, ಜೊತೆಗೆ ಸವಾರರ ಕುದುರೆಗಳು. ಅವಕ್ಕೆ ಕಳೆಬೀಜವಿಲ್ಲವೆಂದು ಪ್ರಮಾಣೀಕರಿಸಿದ ಹುಲ್ಲನ್ನೇ ಒಯ್ಯಬೇಕು. ಮನುಷ್ಯರ ಊಟವಷ್ಟೇ ಅಲ್ಲ, ಕುದುರೆಯ ಹಿಂಡಿಯೂ ಕರಡಿಯನ್ನು ಕರೆಯುತ್ತದೆ. ಎಲ್ಲವನ್ನೂ ಕರಡಿ ಮುರಿಯಲಾರದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ನೆಲದಿಂದ ಹತ್ತು ಅಡಿ ಎತ್ತರಕ್ಕೆ, ಮರದ ಕಾಂಡದಿಂದ ನಾಲ್ಕು ಅಡಿ ದೂರಕ್ಕೆ ಕಟ್ಟಬೇಕು. ಅಡುಗೆಯ ಜಾಗ ಗುಡಾರದಿಂದ ನೂರು ಗಜ ಆಚೆಗಿರಬೇಕು. ಸೊಂಟದಲ್ಲಿ ಮೆಣಸಿನ ಖಾರದ ಸ್ಪ್ರೇ. ಒಬ್ಬ ಮಾಂಸ ಕೊಯ್ಯುವಾಗ ಇನ್ನೊಬ್ಬ ಕಾವಲು. ಲೂಯಿಸ್‌ಗೆ ಅಂದು ಬೇಕಿದ್ದುದು ಆ ಇನ್ನೊಬ್ಬ.

ಕಾನೂನೂ ಎಲ್ಲೆಡೆ ಒಂದೇ ಅಲ್ಲ. ವಯೋಮಿಂಗ್‌ನ ಘೋಷಿತ ವನ್ಯಪ್ರದೇಶಗಳಲ್ಲಿ ಹೊರರಾಜ್ಯದವರು ದೊಡ್ಡ ಬೇಟೆಯಾಡಲು ಮಾರ್ಗದರ್ಶಿಯೋ ಸ್ಥಳೀಯ ನಿವಾಸಿಯೋ ಜೊತೆಗಿರಲೇಬೇಕು. ಮೊಂಟಾನಾದಲ್ಲಿ ಎಲ್ಕ್ ಬೇಟೆಗೆ ಆ ಕಟ್ಟುಪಾಡಿಲ್ಲ. ಕರಡಿಯ ಸ್ಥಾನವಂತೂ ನ್ಯಾಯಾಲಯದಲ್ಲಿ ತೂಗಾಡಿದೆ. ಯೆಲ್ಲೋಸ್ಟೋನ್‌ನ ಗ್ರಿಜ್ಲಿಗಳನ್ನು ಸರ್ಕಾರ 2007ರಲ್ಲೂ 2017ರಲ್ಲೂ ಸಂರಕ್ಷಿತ ಪಟ್ಟಿಯಿಂದ ತೆಗೆಯಿತು. ಎರಡೂ ಸಲ ನ್ಯಾಯಾಲಯಗಳು ಮರಳಿ ಸೇರಿಸಿದವು. ಶರತ್ಕಾಲದಲ್ಲಿ ಬೇಟೆಗಾರರು ಜೀವ ಉಳಿಸಿಕೊಳ್ಳಲು ಹಾರಿಸುವ ಗುಂಡಿಗೆ ಈಗಲೂ ಕರಡಿಗಳು ಸಾಯುತ್ತವೆ, ಮನುಷ್ಯರೂ ಸತ್ತಿದ್ದಾರೆ.

ಈ ತಯಾರಿಯಲ್ಲಿ ಬಹಳ ಕಷ್ಟದ್ದು ಸಾಮಾನುಗಳ ಪಟ್ಟಿಯಲ್ಲಿ ಬರುವುದಿಲ್ಲ. ದಿನವಿಡೀ ಅಲೆದ ಮೇಲೆ, ಹೊತ್ತು ಮುಳುಗುವಾಗ, ಎಲ್ಕ್ ಎದುರಿಗೆ ಬಂದು ನಿಲ್ಲುತ್ತದೆ. ಹೊಡೆದರೆ ಕತ್ತಲಲ್ಲಿ ಕೊಯ್ಯಬೇಕು, ಇಲ್ಲವೇ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಯಾರದೋ ಆಸ್ತಿಯಾಗಿರುವ ಮಾಂಸದ ಬಳಿಗೆ ಹೋಗಬೇಕು. ಬಲ್ಲ ಬೇಟೆಗಾರರು ಆಗ ಕೋವಿ ಇಳಿಸುತ್ತಾರೆ. ರೂಸ್‌ವೆಲ್ಟ್‌ನಿಗೆ ಇದು ಹೇಡಿತನವೆನಿಸುತ್ತಿತ್ತೋ ಏನೋ. ನನಗೆ ಮಾತ್ರ ಎರಡು ಶತಮಾನದ ಕಲಿಕೆ ಅಲ್ಲಿ ಕಾಣುತ್ತದೆ.