ಕುದುರೆಗಳೇನೋ ನಾನೂರು, ಗೊರಸು?

ಮೊನ್ನೆ ಗೆಳೆಯನ 400 ಅಶ್ವಶಕ್ತಿಯ ಕಾರಲ್ಲಿ ಹಳೇಬೀಡಿಗೆ ಹೋಗಿದ್ದೆ. ಬೇಲೂರು ದಾಟಿದ ಮೇಲೆ ಜಿಟಿಜಿಟಿ ಮಳೆ. ತಿರುವಿನಲ್ಲಿ ಆಕ್ಸಲರೇಟರ್ ಒತ್ತಿದ್ದೇ ತಡ, ಹಿಂದಿನ ಚಕ್ರಗಳು ಗಿರ್ರನೆ ಸುತ್ತಿ ಕಾರು ಅಡ್ಡಡ್ಡ ಜಾರಿತು. ಎದುರಿಗೆ ಬಸ್ಸು ಬರಲಿಲ್ಲ, ಅದಕ್ಕೇ ಇದನ್ನು ಬರೀತಿದೀನಿ!

ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಿಂತಾಗಲೂ ಎದೆ ಹೊಡ್ಕೊಳ್ತಿತ್ತು. 12ನೇ ಶತಮಾನದ ಆ ಗೋಡೆಗಳ ಮೇಲೆ ರಾಮಾಯಣ, ಮಹಾಭಾರತದ ರಥಗಳು. ನೋಡ್ತಾ ನೋಡ್ತಾ ಹೊಳೀತು: ರಥದ ಚಕ್ರ ನೆಲವನ್ನು ಹಿಡಿಯಬೇಕಿರಲಿಲ್ಲ. ನೆಲ ಒದ್ದು ಎಳೆಯೋದು ಕುದುರೆಯ ಗೊರಸು, ಚಕ್ರ ಸುಮ್ನೆ ಉರುಳಿದರೆ ಸಾಕು. 1845ರಲ್ಲಿ ರಾಬರ್ಟ್ ಥಾಮ್ಸನ್ ಗಾಳಿ ಟೈರಿಗೆ ಪೇಟೆಂಟ್ ಪಡೆದಾಗಲೂ ಉದ್ದೇಶ ಅಷ್ಟೇ, ಗಾಡಿ ಹಗುರವಾಗಿ, ಸದ್ದಿಲ್ಲದೆ ಉರುಳಲಿ ಅಂತ. ಎಂಜಿನ್ನು ಗಾಡಿಯೊಳಗೇ ಬಂದ ಮೇಲೆ ಗೊರಸಿನ ಕೆಲಸವೂ ಚಕ್ರದ ತಲೆಗೇ ಬಿತ್ತು. 1946ರಲ್ಲಿ ಮಿಶೆಲಿನ್ ಪೇಟೆಂಟ್ ಮಾಡಿದ ರೇಡಿಯಲ್ ಟೈರಿನಲ್ಲಿ ಪಕ್ಕದ ಗೋಡೆ ಬಾಗಿದರೂ ತಳ ನೆಲಕ್ಕೆ ಚಪ್ಪಟೆಯಾಗಿ ಕೂರುತ್ತೆ.

ಗೆಳೆಯನ ಟೈರು ಬಗ್ಗಿ ನೋಡಿದೆ. ಟ್ರೆಡ್‌ವೇರ್ 500, ಅಂದ್ರೆ ಬಹುಕಾಲ ಬಾಳುವ ಗಟ್ಟಿ ರಬ್ಬರು. ತಯಾರಿಕೆಯ ನಾಲ್ಕಂಕಿ 3217, ಅಂದ್ರೆ 2017ರ 32ನೇ ವಾರ. ಹಳೆಯದಾದಷ್ಟೂ ರಬ್ಬರು ಇನ್ನೂ ಗಟ್ಟಿ. ನಾನೂರು ಕುದುರೆಗೆ ನೆಲ ಒದೆಯೋಕೆ ಇದ್ದಿದ್ದು ಅಂಗೈಯಗಲದ ಎರಡೇ ಗೊರಸು, ಅವೂ ಸವೆದವು!

ಹಾಗಂತ 200ರ ಮೆತ್ತನೆಯ ಟೈರೂ ನಮ್ಮೂರಿಗೆ ಸರಿಯಲ್ಲ. ಒಣ ರಸ್ತೆಯಲ್ಲಿ ಅಂಟುತ್ತೆ ನಿಜ, ಆದರೆ ಬಹಳಷ್ಟರಲ್ಲಿ ಗೀರು ಕಮ್ಮಿ, ನೀರು ಹೊರಹೋಗದೆ ತೇಲುತ್ತೆ. 300ರ ಆಸುಪಾಸಿನ, ಆಳ ಗೀರುಗಳ ಟೈರು ನಾಲ್ಕೂ ಒಂದೇ ಥರದ್ದು ಹಾಕಿಸು ಅಂದೆ.

ವಾಪಸ್ ಬರ್ತಾ ಅವನು 40 ದಾಟಲಿಲ್ಲ. ನಿಮ್ಮ ಗಾಡಿಯ ನಾಲ್ಕಂಕಿ ಏನು ಹೇಳುತ್ತೆ? ಒಮ್ಮೆ ಬಗ್ಗಿ ನೋಡಿ :)